ನಿಂತಾಗ ನಡುಗುವ ಕಾರು

ಕಾರು ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಾಗ ಅದರ ಎರಡೂ ಕನ್ನಡಿಗಳು ಗದಗದ ನಡುಗುತ್ತಿದ್ದವು. ಸ್ಟೀರಿಂಗ್ ಹಿಡಿದವನ ಮೊಣಕೈತನಕ ಆ ನಡುಕ ಹತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಹಿರಿಯ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು, ಯಾರ ಮೇಲೋ ಮುನಿಸಿಕೊಂಡವರಂತೆ ನೆಟ್ಟಗೆ ಕೂತಿದ್ದರು.

ಎಂಜಿನ್ ಆಫ್ ಮಾಡಿ ಎಂದು ಪುಟ್ಟಿ ಸನ್ನೆ ಮಾಡಿದಳು. ಕಾರು ಕೊನೆಯದಾಗಿ ಒಮ್ಮೆ ಕೊಡವಿಕೊಂಡು ಸುಮ್ಮನಾಯಿತು. ಆಮೇಲಷ್ಟೇ ಆ ಹಿರಿಯರು ಬಾಯಿಂದ ಕೈ ತೆಗೆದರು.

“ಹಲ್ಲಿನ ಸೆಟ್ಟು ಕಣಮ್ಮ. ಪ್ರತಿ ಸಿಗ್ನಲ್‌ನಲ್ಲೂ ತಾಳ ಹಾಕುತ್ತೆ. ಕೈ ಬಿಟ್ರೆ ರಸ್ತೆಗೇ ಬಿದ್ದೀತು.”

ಪುಟ್ಟಿಗೆ ನಗು ತಡೆಯಲಾಗಲಿಲ್ಲ. ಕಾರಿನೊಳಗಿನ ಕನ್ನಡಿಯಲ್ಲಿ ಅವನ ಕಣ್ಣುಗಳೂ ನಕ್ಕವು. ಎರಡು ನಗುಗಳು ಅಲ್ಲೇ ಮುಖಾಮುಖಿಯಾಗಿ, ಪರಿಚಯವಿಲ್ಲದವರು ಬಾಗಿಲಲ್ಲಿ ಡಿಕ್ಕಿ ಹೊಡೆದ ಹಾಗಾಗಿ, ಎರಡೂ ಹಿಂದೆ ಸರಿದವು.

ಪುಟ್ಟಿಗೆ ನಲವತ್ತರ ಹತ್ತಿರ. ಅಪ್ಪ ಬಿಟ್ಟುಹೋದ ಗ್ಯಾರೇಜು, ಅದರ ಮೇಲೊಂದು ಕೋಣೆ, ಕೋಣೆಯಲ್ಲೊಂದು ಮಡಚುವ ಮಂಚ, ಇಷ್ಟು ಅವಳ ಸಂಸಾರ. ಹಿಂದೆ ಸಂಬಂಧಗಳು ಬಂದಿದ್ದವು. ಬಂದವರೆಲ್ಲ ಹುಡುಗಿ ಒಪ್ಪಿಗೆ, ಗ್ಯಾರೇಜು ಬೇಡ ಅಂದರು. ಅವಳು ಗ್ಯಾರೇಜು ಬಿಡಲಿಲ್ಲ. ಅವರು ಬರುವುದು ಬಿಟ್ಟರು. ಈಗ ಎಲ್ಲರಿಗೂ ಅವಳು ಮೇಡಂ. ಪುಟ್ಟಿ ಎಂದು ಕರೆಯುವವರು ಒಬ್ಬರೇ ಉಳಿದಿದ್ದರು, ಗ್ಯಾರೇಜಿನಲ್ಲಿ ಜೊತೆಗೆ ದುಡಿಯುವ ಚಿಕ್ಕಪ್ಪ. ಅವರು ಸಂಜೆ ತಮ್ಮ ಮನೆಗೆ ಹೊರಟರೆ ಬೆಳಗಿನತನಕ ಆ ಹೆಸರಿಗೆ ಕೆಲಸವಿರುತ್ತಿರಲಿಲ್ಲ. ಕಥೆ ಹೇಳುವ ನಾವಾದರೂ ಹಾಗೇ ಕರೆಯೋಣ.

ಕಾರಿನಿಂದ ಇಳಿದವನು ತಾನು ಪಕ್ಕದ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವುದಾಗಿ ಹೇಳಿದ. ಬೇರೆ ಕಡೆ ತೋರಿಸಿ ಆಗಿತ್ತು. ಒಬ್ಬರು ಪ್ಲಗ್ ಬದಲಿಸಿದ್ದರು, ಇನ್ನೊಬ್ಬರು ಬೆಲ್ಟ್. ನಡುಕ ಜಪ್ಪಯ್ಯ ಅಂದರೂ ಹೋಗಿರಲಿಲ್ಲ.

“ಓಡುವಾಗ ಏನೂ ಇಲ್ಲ. ನಿಂತಾಗ ಮಾತ್ರ ಹೀಗೆ,” ಎಂದ.

ಪುಟ್ಟಿ ಬಾನೆಟ್ ಎತ್ತಿದಳು. ಅವನನ್ನು ಮತ್ತೆ ಒಳಗೆ ಕೂರಿಸಿ, ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಲು ಹೇಳಿ, ತಾನು ಕಾರಿನ ಪಕ್ಕಕ್ಕೆ ಸರಿದು ನಿಂತಳು. ಡ್ರೈವ್‌ಗೆ ಹಾಕಿ ಸ್ವಲ್ಪವೇ ಆಕ್ಸಿಲರೇಟರ್ ಕೊಡಿ ಎಂದಳು. ಎಂಜಿನ್ ಕುರ್ಚಿಯಿಂದ ಏಳುವ ಭಾರಿ ಆಳಿನ ಹಾಗೆ ಒಂದು ಬದಿಗೆ ಎದ್ದಿತು. ಈಗ ರಿವರ್ಸ್ ಎಂದಳು. ಅದು ಧಡ್ಡನೆ ಇನ್ನೊಂದು ಬದಿಗೆ ಕುಸಿಯಿತು. ಸರಿ ಇರುವ ಎಂಜಿನ್ ಬೆರಳು ದಪ್ಪದಷ್ಟು ಅಲುಗೀತು, ಅಷ್ಟೆ. ಇದು ಅಂಗೈ ಅಗಲ ಎದ್ದು ಬೀಳುತ್ತಿತ್ತು.

ಇನ್ನೊಂದು ಸಲ ಎಂದಳು. ಬಾನೆಟ್ಟಿಗೂ ಗಾಜಿಗೂ ನಡುವೆ ಒಂದು ಸಂದು. ಆ ಸಂದಿನಲ್ಲಿ ಅವನ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಅವಳ ತುಟಿ ಏನು ಹೇಳೀತೋ ಎಂದು ಕಾದು ನೋಡುವ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಕಣ್ಣು. ಪುಟ್ಟಿಗೆ ಎರಡನೇ ಸಲಕ್ಕೇ ಗೊತ್ತಾಗಿತ್ತು. ಆದರೂ ಇನ್ನೊಮ್ಮೆ ಎಂದಳು. ಯಾಕೆ ಎಂದಳೋ ಅವಳಿಗೇ ತಿಳಿಯಲಿಲ್ಲ.

ಎಂಜಿನ್ ಮೌಂಟಿಂಗ್ ಹೋಗಿವೆ ಎಂದು ಆಮೇಲೆ ವಿವರಿಸಿದಳು. ಎಂಜಿನ್ ಅಂದಮೇಲೆ ನಡುಗಿಯೇ ನಡುಗುತ್ತದೆ, ಅದು ಅದರ ಜಾಯಮಾನ. ಆ ನಡುಕ ಒಳಗೆ ಕೂತವರಿಗೆ ತಾಗದ ಹಾಗೆ ಮೂರು ಕಡೆ ರಬ್ಬರಿನ ಗಾದಿಗಳಿರುತ್ತವೆ. ಬಲಗಡೆಯದರಲ್ಲಿದ್ದ ಎಣ್ಣೆ ಸೋರಿ ಅದು ಕುಸಿದಿದೆ, ಎಡಗಡೆಯದು ಹರಿದಿದೆ, ಕೆಳಗಿನದನ್ನು ಬಿಚ್ಚಿ ನೋಡಬೇಕು. ಅವನು ತಲೆದೂಗುತ್ತ ಕೇಳಿದ. ಇಷ್ಟು ದಿನ ತನಗೆ ಗೊತ್ತೇ ಆಗಲಿಲ್ಲವಲ್ಲ ಎಂದು ಬೇಸರಪಟ್ಟ.

“ದಿನಾ ಒಳಗೆ ಕೂರೋರಿಗೆ ಗೊತ್ತಾಗಲ್ಲ. ಅದು ಅಷ್ಟು ನಿಧಾನಕ್ಕೆ ಸವೆಯುತ್ತೆ,” ಎಂದಳು.

ಅಷ್ಟರಲ್ಲಿ ಆ ಹಿರಿಯರು ಕಾರಿನ ಮೈ ಸವರುತ್ತ ಪಕ್ಕಕ್ಕೆ ಬಂದರು. “ಚೆನ್ನಾಗಿ ಮಾಡಿಕೊಡಮ್ಮ. ನನ್ನ ಮಗಳಿಗೆ ಈ ಕಾರು ಅಂದ್ರೆ ಪ್ರಾಣ. ಈ ಬಣ್ಣಾನೇ ಬೇಕು ಅಂತ ಹಟ ಅವಳದು. ಒಳಗೆ ಕೂತು ಏನಾದ್ರೂ ತಿಂದ್ರೆ ನಮ್ಮ ಅಳಿಯಂದಿರಿಗೂ ಬಿಡಲ್ಲ, ಬೈತಾಳೆ.”

ಅವನು, ಬನ್ನಿ ಅತ್ತೆ ಎಂದು ಅವರ ಕೈ ಹಿಡಿದು ನಿಧಾನವಾಗಿ ಬೀದಿಗೆ ನಡೆಸಿಕೊಂಡು ಹೋದ.

ಹೆಂಡತಿ ಇರುವವನು. ಪುಟ್ಟಿ ಬಾನೆಟ್ ಮುಚ್ಚಿದಳು. ಮನಸ್ಸನ್ನೂ ಮುಚ್ಚಿ ಅದರ ಮೇಲೆ ಕೈಯೂರಿ ಒತ್ತಿದಳು.

*

ಹಳೆಯ ಮೌಂಟಿಂಗಿನ ಮೇಲೆ ಅಚ್ಚಾಗಿದ್ದ ನಂಬರನ್ನು ಪುಟ್ಟಿ ಫೋನಿನಲ್ಲಿ ಬಿಡಿಭಾಗದ ಅಂಗಡಿಗೆ ಓದಿ ಹೇಳಿದಳು. ನಾಳೆಯೇ ಬರುತ್ತದೆ ಎಂದು ಅವರು ಅಂದ ಧೈರ್ಯಕ್ಕೆ ಕೆಲಸ ಶುರು ಮಾಡಿದಳು. ಎಂಜಿನ್ನಿನ ತಳದ ಆಯಿಲ್ ಚೇಂಬರಿನ ಕೆಳಗೆ ಮರದ ಹಲಗೆ ಇಟ್ಟು, ಜ್ಯಾಕ್ ಏರಿಸಿ, ಎಂಜಿನ್ನಿನ ಭಾರವನ್ನೆಲ್ಲ ಅದರ ಮೇಲೆ ತಂದು, ಎರಡೂ ಬದಿಯ ಬೋಲ್ಟ್ ಬಿಚ್ಚಿದಳು. ಬಲಗಡೆಯ ಮೌಂಟಿಂಗ್ ಕಪ್ಪು ಎಣ್ಣೆ ಕಾರಿಕೊಂಡು ಕೈಗೆ ಬಂತು. ಎಡಗಡೆಯದರಲ್ಲಿ ರಬ್ಬರು ಒಂದು ಕಡೆ, ಕಬ್ಬಿಣ ಒಂದು ಕಡೆ.

ಮಾರನೆಯ ದಿನ ಹೊಸ ಪೆಟ್ಟಿಗೆ ಒಡೆದು ಕೂರಿಸಲು ಹೋದರೆ ಬಲಗಡೆಯದರ ತೂತು ಬೋಲ್ಟಿಗೆ ಹೊಂದಲಿಲ್ಲ. ಅಂಗಡಿಯವರು ತಪ್ಪು ಕಳಿಸಿದ್ದಾರೆಂದು ಪುಟ್ಟಿ ಫೋನಿನಲ್ಲಿ ಚೆನ್ನಾಗಿಯೇ ಝಾಡಿಸಿದಳು. ಚಿಕ್ಕಪ್ಪ ಹಳೆಯದನ್ನು ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು, ಅವಳ ಮುಂದಿಟ್ಟರು. ಮೂರು ಎಂದು ಅವಳು ಓದಿದ್ದು ಎಂಟಾಗಿತ್ತು.

ಸಂಜೆ ಕನ್ನಡಕದವನು ಬಂದಾಗ ಅವನ ಕಾರು ಮುಂಭಾಗ ಬಿಚ್ಚಿಕೊಂಡು ಮರದ ದಿಮ್ಮಿಯ ಮೇಲೆ ಕೂತಿತ್ತು. ಪುಟ್ಟಿ ಸುತ್ತಿ ಬಳಸಿ ಹೇಳಲಿಲ್ಲ. ತಪ್ಪು ನನ್ನದೇ, ನಂಬರ್ ತಪ್ಪಾಗಿ ಓದಿದೆ, ಸರಿಯಾದದ್ದು ಬರಲು ವಾರ ಹಿಡಿಯುತ್ತದೆ ಎಂದಳು. ಅವನು ಕಾರಿನ ಕಡೆ ನೋಡಲೇ ಇಲ್ಲ. ಅವಳು ರಸೀದಿಯನ್ನು ಕೈ ಉದ್ದಕ್ಕೆ ಚಾಚಿ, ಕತ್ತು ಹಿಂದೆ ಮಾಡಿ ಓದುತ್ತಿದ್ದುದನ್ನು ನೋಡುತ್ತಿದ್ದ.

“ಕೈ ಇನ್ನೂ ಎಷ್ಟು ಉದ್ದ ಬೆಳೆಸ್ತೀರಿ?” ಎಂದ.

ಪುಟ್ಟಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಕೈಯನ್ನು ಸರಕ್ಕನೆ ಹಿಂದೆಳೆದುಕೊಂಡಳು. ನಾಳೆ ಮಧ್ಯಾಹ್ನ ಅಂಗಡಿಗೆ ಬನ್ನಿ, ಕಣ್ಣು ನೋಡ್ತೀನಿ ಎಂದು ಅವನು ಹೇಳಿ ಹೋದ. ಹೋಗುವಾಗ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದ. ಅವಳೂ ಆಗಲೇ ತಲೆ ಎತ್ತಬೇಕಿತ್ತೇ!

*

ಕಣ್ಣು ಪರೀಕ್ಷೆಯ ಕೋಣೆ ಅಂಗಡಿಯ ಹಿಂದುಗಡೆ, ಕಿರಿದಾಗಿ, ಅರೆಗತ್ತಲಾಗಿ ಇತ್ತು. ಅವನು ಗಾಜಿನ ಬಿಲ್ಲೆಗಳನ್ನು ಸಿಕ್ಕಿಸುವ ದುಂಡನೆಯ ಕಬ್ಬಿಣದ ಕನ್ನಡಕವನ್ನು ಅವಳ ಮೂಗಿನ ಮೇಲಿಟ್ಟ. ಕಿವಿಯ ಹಿಂದಿನ ಕೂದಲನ್ನು ತಾಗಿಯೂ ತಾಗದ ಹಾಗೆ ಸರಿಸಿ, ಕಡ್ಡಿಯನ್ನು ಕೂರಿಸಿದ. ಅವನ ಕೈ ಸ್ಪಿರಿಟ್ಟಿನ ವಾಸನೆ ಹೊಡೆಯುತ್ತಿತ್ತು. ತನ್ನ ಕೈಯ ಪೆಟ್ರೋಲ್ ವಾಸನೆ ಅವನಿಗೆ ಬಡಿಯದಿರಲಿ ಎಂದು ಪುಟ್ಟಿ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡಳು.

ಸಣ್ಣ ಅಕ್ಷರದ ಕಾರ್ಡನ್ನು ಅವಳ ಮುಂದೆ ಹಿಡಿದು ಒಂದೊಂದೇ ಗಾಜು ಬದಲಿಸುತ್ತ ಅವನು ಕೇಳಿದ. ಇದು ಚೆನ್ನಾಗಿದೆಯಾ, ಮೊದಲಿನದಾ? ಇದಾ, ಅದಾ? ಅವಳಿಗೆ ಗಾಬರಿಯಲ್ಲಿ ಎಲ್ಲವೂ ಒಂದೇ ಥರ ಕಂಡಿತು. ಅವಸರ ಇಲ್ಲ, ಮತ್ತೆ ನೋಡಿ ಎಂದು ಅವನು ಇನ್ನೊಂದು ಬಿಲ್ಲೆ ಇಳಿಸಿದ. ಥಟ್ಟನೆ ಅಕ್ಷರಗಳು ಎದ್ದು ನಿಂತವು. ಅಕ್ಷರಗಳ ಜೊತೆಗೆ, ಕಾರ್ಡಿನ ಪಕ್ಕದಲ್ಲೇ ಇದ್ದ ಅವನ ಮುಖವೂ.

ಹುಬ್ಬಿನಲ್ಲೊಂದು ಬಿಳಿ ಕೂದಲು. ಶೇವ್ ಮಾಡುವಾಗ ಗಲ್ಲದ ಕೆಳಗೆ ತಪ್ಪಿಸಿಕೊಂಡ ನಾಲ್ಕು ಎಳೆ. ಕಣ್ಣಿನ ಸುತ್ತ, ನಗುವಿನಿಂದ ಬಿದ್ದದ್ದಲ್ಲದ ಗೆರೆಗಳು. ಅಷ್ಟು ಹತ್ತಿರದ ಮುಖವೊಂದನ್ನು ಅವಳು ಅಷ್ಟು ಸ್ಪಷ್ಟವಾಗಿ ಕಂಡು ಎಷ್ಟು ಕಾಲವಾಗಿತ್ತೋ. ನೋಡುತ್ತಲೇ ಇದ್ದುಬಿಡುತ್ತೇನೆಂದು ಹೆದರಿಕೆಯಾಗಿ, ಬಾಯಿಗೆ ಬಂದದ್ದನ್ನು ಕೇಳಿಬಿಟ್ಟಳು.

“ನಿಮ್ಮ ಮನೆಯವರು ಅಂಗಡಿಗೆ ಬರಲ್ವಾ?”

ಅವನು ಕಾರ್ಡ್ ಕೆಳಗಿಟ್ಟ. ಬಿಲ್ಲೆಯೊಂದನ್ನು ಬಟ್ಟೆಯಲ್ಲಿ ಒರೆಸಿದ. ಅದು ಮೊದಲೇ ಚೊಕ್ಕಟವಾಗಿತ್ತು.

“ಅವಳು ಹೋಗಿ ಆರು ವರ್ಷ ಆಯ್ತು,” ಎಂದ.

ಪುಟ್ಟಿ ನಾಲಿಗೆ ಕಚ್ಚಿಕೊಂಡಳು. ಆದರೆ ನಿಮ್ಮ ಅತ್ತೆ ಎಂದು ಶುರು ಮಾಡಿ ನಿಲ್ಲಿಸಿದಳು. ಅವನು ಬೇಜಾರು ಮಾಡಿಕೊಳ್ಳದೆ ಎಲ್ಲವನ್ನೂ ಹೇಳಿದ. ಕಾಯಿಲೆ ಬಿದ್ದ ಮಗಳ ಆರೈಕೆಗೆಂದು ಬಂದ ಅತ್ತೆ, ಮಗಳು ಹೋದ ಮೇಲೂ ಹಿಂದಿರುಗಲಿಲ್ಲ. ಹೋಗಿ ಅಂತ ಅವನು ಅನ್ನಲಿಲ್ಲ, ಹೋಗ್ತೀನಿ ಅಂತ ಅವರೂ ಅನ್ನಲಿಲ್ಲ. ಒಂದೇ ಸೂರಿನಡಿ ಅಳಿಯ, ಅತ್ತೆ. ಅವಳು ಹೀಗಂತಾಳೆ, ಅವಳಿಗೆ ಇದು ಇಷ್ಟ, ಅವಳು ಬೈತಾಳೆ. ಅತ್ತೆಯ ಮಾತು ಯಾವಾಗಲೂ ಹೀಗೇ. ಅದನ್ನು ಅವನು ಒಂದು ದಿನವೂ ತಿದ್ದಿರಲಿಲ್ಲ.

“ತಿದ್ದಿದ್ರೆ ಮನೇಲಿ ನಾವು ಇಬ್ಬರೇ ಆಗಿಬಿಡ್ತೀವಿ,” ಎಂದ.

ಆಮೇಲೆ ಆ ಕಬ್ಬಿಣದ ಕನ್ನಡಕವನ್ನು ಅವಳ ಮುಖದಿಂದ ಮೆಲ್ಲಗೆ ತೆಗೆದ. ಅವನ ಮುಖ ಮತ್ತೆ ಮಸುಕಾಯಿತು.

*

ಅವಳ ಕನ್ನಡಕ ಸಿದ್ಧವಾದ ದಿನವೇ ಸರಿಯಾದ ಮೌಂಟಿಂಗ್ ಕೂಡ ಬಂತು. ನಡುವಿನ ದಿನಗಳಲ್ಲಿ ಅವನು ಸಂಜೆ ಅಂಗಡಿ ಮುಚ್ಚಿ ಹೋಗುವಾಗ ಗ್ಯಾರೇಜಿನ ಮುಂದೆ ನಿಲ್ಲುತ್ತಿದ್ದ. ಬಂತಾ ಎಂದು ಕೇಳುತ್ತಿದ್ದ. ಇಲ್ಲ ಎಂದರೆ ಬೇಸರವಾದಂತೆ ಕಾಣುತ್ತಿರಲಿಲ್ಲ. ಕಾಫಿ ಮುಗಿಯುವತನಕ ಇದ್ದು, ಇದೇನು, ಅದೇನು ಎಂದು ಬೋಲ್ಟ್ ಬಿಚ್ಚುವ ಒಂದೊಂದು ಪಾನಾ ಎತ್ತಿ ಕೇಳಿ, ಎತ್ತಿದ್ದನ್ನು ತಪ್ಪದೆ ಬೇರೆ ಜಾಗದಲ್ಲಿಟ್ಟು ಹೋಗುತ್ತಿದ್ದ. ಚಿಕ್ಕಪ್ಪ ಗೊಣಗುತ್ತ ಅವನ್ನೆಲ್ಲ ಸರಿಮಾಡುತ್ತಿದ್ದರು. ಪುಟ್ಟಿ ಒಂದು ಪಾನಾವನ್ನು ಅವನಿಟ್ಟ ಕಡೆಯೇ ಬಿಟ್ಟುಬಿಡಲು ಹೇಳಿದಾಗ ಅವರು ಅವಳ ಮುಖವನ್ನೊಮ್ಮೆ ನೋಡಿ, ಗೊಣಗುವುದನ್ನು ನಿಲ್ಲಿಸಿದರು.

ಹೊಸ ಕನ್ನಡಕ ಹಾಕಿಕೊಂಡು ಕಾರಿನ ಕೆಳಗೆ ಮಲಗಿದ ಪುಟ್ಟಿಗೆ ಲೋಕವೇ ತೊಳೆದಿಟ್ಟಂತೆ ಕಂಡಿತು. ಬೋಲ್ಟಿನ ಒಂದೊಂದು ಹಲ್ಲೂ ಎಣಿಸಬಹುದಾಗಿತ್ತು. ಎಡ, ಬಲ ಎರಡೂ ಕೂತವು. ಉಳಿದದ್ದು ಕೆಳಗಿನದು, ಎಂಜಿನ್ ಹಿಂದೆ ಮುಂದೆ ತೂಗದಂತೆ ಹಿಡಿಯುವಂಥದ್ದು. ಅದರ ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕುಗಳು ಮಾತ್ರ ಇದ್ದವು.

“ಇದು ಇನ್ನೂ ಸುಮಾರು ದಿನ ಬರುತ್ತೆ ಪುಟ್ಟಿ. ಬಿಡು,” ಎಂದರು ಚಿಕ್ಕಪ್ಪ.

ಬಿಟ್ಟರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೆಲವು ತಿಂಗಳಲ್ಲಿ ಗೇರ್ ಹಾಕಿದಾಗ ಧಡ್ ಎನ್ನುವ ಸದ್ದು ಬರುತ್ತದೆ. ಅವನು ಕಾರು ತರುತ್ತಾನೆ. ಬಾನೆಟ್ ಎತ್ತಬೇಕಾಗುತ್ತದೆ. ಆ ಸಂದಿನಲ್ಲಿ ಮತ್ತೆ ಆ ಕಣ್ಣುಗಳು. ಇಷ್ಟನ್ನೂ ಅವಳು ಮಲಗಿದಲ್ಲೇ ಕಂಡಳು. ಗ್ಯಾರೇಜಿನವರ ಹಣೆಬರಹವೇ ಇಷ್ಟು, ಕೆಲಸ ಚೆನ್ನಾಗಿ ಮಾಡಿದರೆ ಬಂದವರ ಮುಖ ಮತ್ತೆ ಕಾಣುವುದಿಲ್ಲ.

ಆಮೇಲೆ ಆ ಹಳೆಯ ಮೌಂಟಿಂಗ್ ಬಿಚ್ಚಿ ಗುಜರಿ ಡಬ್ಬಕ್ಕೆ ಎಸೆದಳು. ಜೊತೆಯಲ್ಲೇ ತರಿಸಿಟ್ಟಿದ್ದ ಹೊಸದನ್ನು ಕೂರಿಸಿದಳು. ಬೋಲ್ಟುಗಳನ್ನು ಮೊದಲು ಸಡಿಲವಾಗಿಯೇ ಬಿಟ್ಟು, ಎಂಜಿನ್ ಓಡಿಸಿ, ಅದು ತನ್ನ ಜಾಗವನ್ನು ತಾನೇ ನೋಡಿಕೊಂಡು ಕೂತ ಮೇಲೆ ಒಂದೊಂದನ್ನೇ ಬಿಗಿದಳು.

ಸಂಜೆ ಅವನು ಬಂದಾಗ ಇಬ್ಬರೂ ಕಾರು ನೋಡಲು ಒಂದು ಸುತ್ತು ಹೋದರು. ಅವನು ಓಡಿಸಿದ, ಅವಳು ಪಕ್ಕದಲ್ಲಿ ಕೂತಳು. ಮೊದಲ ಸಿಗ್ನಲ್‌ನಲ್ಲಿ ಕಾರು ನಿಂತಾಗ ಎಂಜಿನ್ ಬಂದ್ ಆಯಿತೇನೋ ಎಂದು ಅವನು ಕೀಲಿಯ ಕಡೆ ಕೈ ಚಾಚಿದ. ಓಡ್ತಾ ಇದೆ ಎಂದಳು. ಅವನು ಕೈ ಹಿಂದೆ ತೆಗೆದುಕೊಂಡ. ಇಂಡಿಕೇಟರಿನ ಟಿಕ್ ಟಿಕ್ ಕೇಳುತ್ತಿತ್ತು. ಇಬ್ಬರ ಉಸಿರೂ ಕೇಳುತ್ತಿತ್ತು. ಏನಾದರೂ ಹೇಳುತ್ತಾನೆ ಎಂದು ಅವಳು ಕಾದಳು. ಅವಳೇನಾದರೂ ಹೇಳಲಿ ಎಂದು ಅವನೂ ಕಾದನೇನೋ. ಹಸಿರು ಬಿದ್ದದ್ದು ಇಬ್ಬರಿಗೂ ಕಾಣಲಿಲ್ಲ. ಹಿಂದಿನವರು ಹಾರ್ನ್ ಹೊಡೆದ ಮೇಲೆ ಕಾರು ಹೊರಟಿತು.

ಗ್ಯಾರೇಜಿನ ಮುಂದೆ ಅವಳನ್ನು ಇಳಿಸಿ, ತುಂಬಾ ಥ್ಯಾಂಕ್ಸ್ ಎಂದ. ಏನಾದ್ರೂ ತೊಂದರೆ ಆದ್ರೆ ಬನ್ನಿ ಎಂದಳು. ಏನೂ ತೊಂದರೆ ಆಗುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

*

ಆಮೇಲಿನ ದಿನಗಳಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. ಅದೇ ಅವಳ ಕಷ್ಟವಾಗಿತ್ತು. ಬ್ರೇಕ್ ಹೋದವು ಬಂದವು, ಕ್ಲಚ್ ಹೋದವು ಬಂದವು. ಸಂಜೆ ಚಿಕ್ಕಪ್ಪ ಹೊರಟ ಮೇಲೆ ಅವಳು ಇನ್ನೂ ಸ್ವಲ್ಪ ಹೊತ್ತು ಷಟರ್ ಎಳೆಯದೆ ಬಾಗಿಲಲ್ಲಿ ಏನೋ ಹುಡುಕುತ್ತಿರುವಂತೆ ನಿಲ್ಲುತ್ತಿದ್ದಳು. ಕಾಫಿ ಎರಡು ಲೋಟ ಮಾಡಿಬಿಟ್ಟು, ಎರಡನ್ನೂ ತಾನೇ ಕುಡಿಯುತ್ತಿದ್ದಳು. ಮೇಲಿನ ಕೋಣೆಯಲ್ಲಿ ನಿಂತುಕೊಂಡೇ ಉಂಡು, ಒಂದೇ ತಟ್ಟೆ ತೊಳೆದಿಟ್ಟು, ರೇಡಿಯೋ ಹಚ್ಚಿ, ಅದು ಏನು ಹೇಳುತ್ತಿದೆ ಎಂದು ಕೇಳದೆ ಕೂರುತ್ತಿದ್ದಳು. ಒಂಟಿತನ ಅವಳಿಗೆ ಹೊಸದಲ್ಲ. ಆದರೆ ಇಷ್ಟು ವರ್ಷ ಅದು ಮೂಲೆಯಲ್ಲಿ ಬಿದ್ದ ಹಳೆಯ ಸಾಮಾನಿನಂತೆ ಇತ್ತು. ಈಗ ಅದು ಎದ್ದು ಕೋಣೆಯ ತುಂಬ ಓಡಾಡುತ್ತಿತ್ತು.

ಒಂದು ಮಧ್ಯಾಹ್ನ ಅವಳು ಕೈ ಉಜ್ಜಿ ಉಜ್ಜಿ ತೊಳೆದು, ಬಟ್ಟೆ ಬದಲಿಸಿ, ಪಕ್ಕದ ಬೀದಿಗೆ ಹೋದಳು. ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಅವಳನ್ನು ಕಂಡು ಎದ್ದು ನಿಂತವನು ಕೂರುವುದನ್ನು ಮರೆತ.

“ಸ್ಕ್ರೂ ಸಡಿಲ ಆಗಿದೆ,” ಎಂದು ಕನ್ನಡಕ ಮುಂದಿಟ್ಟಳು.

ಅವನು ಅದನ್ನು ದೀಪದ ಕೆಳಗೆ ಹಿಡಿದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ. ಅವನ ತುಟಿಯ ಒಂದು ಕೊನೆ ಮಾತ್ರ ಮೇಲೆದ್ದಿತು.

“ತಾನಾಗಿ ಸಡಿಲ ಆದ ಸ್ಕ್ರೂ ತಲೆ ಮೇಲೆ ಗೀರು ಇರಲ್ಲ.”

“ನನ್ನ ಹತ್ರ ಇರೋ ಸ್ಕ್ರೂಡ್ರೈವರ್ ಎಲ್ಲಾ ದೊಡ್ಡವು,” ಎಂದಳು ಪುಟ್ಟಿ. ಕಿವಿಯ ತುದಿ ಬಿಸಿಯಾಯಿತು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? “ಬರೋಕೆ ಬೇರೆ ಕಾರಣ ಸಿಗಲಿಲ್ಲ.”

“ನನಗೂ ಸಿಗಲಿಲ್ಲ. ಕಾರು ಅಷ್ಟು ಚೆನ್ನಾಗಿ ಮಾಡಿಕೊಟ್ಟಿದ್ದೀರಿ.”

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಉಳಿದದ್ದು ನಗುವಿಗಿಂತ ದೊಡ್ಡದಾಗಿತ್ತು. ಅವನು ಸ್ಕ್ರೂ ಬಿಗಿದು, ಗಾಜು ಒರೆಸಿ, ಕನ್ನಡಕವನ್ನು ತಾನೇ ಅವಳ ಮುಖಕ್ಕೆ ಹಾಕಿದ. ಕೈ ಹಿಂದೆ ತೆಗೆಯಲು ಸ್ವಲ್ಪ ತಡವಾಯಿತು. ಎಷ್ಟೋ ಸಂಜೆ ಗ್ಯಾರೇಜಿನ ತಿರುವಿನವರೆಗೆ ಬಂದು ಹಿಂದಿರುಗಿದ್ದೇನೆ ಎಂದು ಹೇಳಿದ. ಹೇಳಿ, ಕೌಂಟರಿನ ಆಚೆ ಬದಿಗೆ ಹೋಗಿ ನಿಂತ. ಅಷ್ಟರಲ್ಲೇ ಪುಟ್ಟಿಗೆ ಅವನ ಉತ್ತರ ಗೊತ್ತಾಯಿತು.

“ನಾನು ಇನ್ನೊಬ್ಬರ ಹೆಸರು ಎತ್ತಿದ ದಿನ ಅತ್ತೆ ಪಾಲಿಗೆ ಅವಳು ಮತ್ತೆ ಸಾಯ್ತಾಳೆ. ಒಂದು ಸಲ ನೋಡಿದ್ದೀನಿ. ಇನ್ನೊಂದು ಸಲ ನೋಡೋ ಶಕ್ತಿ ನನಗಿಲ್ಲ.”

ಅವಳು ವಾದ ಮಾಡಲಿಲ್ಲ. ಎದುರಿಗಿದ್ದವನು ಸುಳ್ಳು ಹೇಳುತ್ತಿದ್ದರೆ ಜಗಳವಾಡಬಹುದಿತ್ತು. ಅರ್ಥ ಆಯ್ತು ಎಂದಳು. ಬಾಗಿಲ ಗಂಟೆ ಕಿಣಿಕಿಣಿ ಎಂದಿತು. ಬೀದಿಯಲ್ಲಿ ಎಲ್ಲವೂ ಮಸುಕಾಗಿತ್ತು, ಹತ್ತಿರದ್ದನ್ನು ಮಾತ್ರ ತೋರಿಸುವ ಕನ್ನಡಕ ಅದು. ಅವಳು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ನಡೆದಳು.

*

ಅತ್ತೆ ಗ್ಯಾರೇಜಿಗೆ ಬಂದದ್ದು ಇನ್ನೂ ಕೆಲವು ದಿನಗಳ ಮೇಲೆ, ಬಸ್ಸಿನಲ್ಲಿ, ಒಬ್ಬರೇ. ಪುಟ್ಟಿ ಟೂಲ್ ಪೆಟ್ಟಿಗೆ ಒರೆಸಿ ಕೂರಲು ಕೊಟ್ಟಳು. ಚಿಕ್ಕಪ್ಪ ಏನೋ ತರುವುದಿದೆ ಎಂದು ಹೊರಗೆ ಹೋದರು. ಅತ್ತೆ ಪೀಠಿಕೆ ಹಾಕಲಿಲ್ಲ.

ಕಾರು ಕೆಟ್ಟಿದ್ದಾಗ ಅಳಿಯಂದಿರು ದಿನಾ ಊಟಕ್ಕೆ ಕೂತರೆ ಗ್ಯಾರೇಜಿನ ಸುದ್ದಿ ಹೇಳುತ್ತಿದ್ದರಂತೆ. ಮೇಡಂ ಹೀಗಂದರು, ಮೇಡಂ ಹಾಗೆ ನಕ್ಕರು. ಕಾರು ಸರಿಹೋದದ್ದೇ ತಡ, ಬಾಯಿಗೆ ಬೀಗ. ಹೋದ ವಾರದಿಂದಂತೂ ತಟ್ಟೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ. ಏನು ನಡೆಯಿತು ಎಂದು ಅವರಿಗೆ ತಿಳಿಯಬೇಕಿತ್ತು.

ಅವನ ಮಾತನ್ನು ಅವನ ಅತ್ತೆಗೆ ಹೇಳುವುದು ಸರಿಯೋ ತಪ್ಪೋ ಎಂದು ಪುಟ್ಟಿ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುತ್ತ ಯೋಚಿಸಿದಳು. ಕಡೆಗೆ, ಅವರು ನಿಮ್ಮನ್ನು ನೋಯಿಸಲ್ಲ ಅಂದರು ಎಂದಷ್ಟೇ ಹೇಳಿದಳು. ನೀವು ನಿಮ್ಮ ಮಗಳ ಬಗ್ಗೆ ಮಾತಾಡೋ ರೀತಿ ಎಂದು ಸೇರಿಸಿ, ಮುಂದೆ ಹೋಗಲಾರದೆ ನಿಂತಳು.

ಅತ್ತೆ ನೆಲದ ಮೇಲಿನ ಎಣ್ಣೆ ಕಲೆ ನೋಡುತ್ತಲೇ ಹೇಳಿದರು.

“ಹೋದವಳು ಹೋದಳು ಅಂತ ನನಗೆ ಗೊತ್ತಿಲ್ವಾ? ಅವಳ ಕಣ್ಣು ಮುಚ್ಚಿದ್ದು ಈ ಕೈ.”

ಆಮೇಲೆ ಒಂದೊಂದಾಗಿ ಹೇಳಿದರು. ಮೊದಮೊದಲು, ಅವಳಿಗೆ ಇದು ಇಷ್ಟ ಇತ್ತು ಎಂದು ಬಾಯಿತಪ್ಪಿ ಅಂದರೂ ಸಾಕು, ಅಳಿಯಂದಿರು ಅರ್ಧ ಊಟದಲ್ಲಿ ಎದ್ದು ಹೋಗಿ ನಿಂತ ಕಾರಿನೊಳಗೆ ಕೂರುತ್ತಿದ್ದರು. ಒಂದು ದಿನ ಅತ್ತೆ, ಅವಳು ಇನ್ನೂ ಇರುವ ಹಾಗೆ, ಅವಳಿಗೆ ಇದು ಇಷ್ಟ ಎಂದು ಹೇಳಿ ನೋಡಿದರು. ಅಳಿಯಂದಿರು ಎದ್ದು ಹೋಗಲಿಲ್ಲ, ಇನ್ನೆರಡು ತುತ್ತು ಉಂಡರು. ಅಂದಿನಿಂದ ಹಾಗೇ ನಡೆದುಬಂತು.

“ನಾನು ಅವರಿಗೋಸ್ಕರ ಹಾಗಂದೆ. ಅವರು ನನಗೋಸ್ಕರ ಸುಮ್ಮನಿದ್ದಾರೆ,” ಎಂದರು. ನಗಲು ಹೋದರು, ಆಗಲಿಲ್ಲ. “ಆರು ವರ್ಷ ಆಯ್ತಮ್ಮ, ಆ ಮನೇಲಿ ನಾನು ಬಾಯಿಬಿಟ್ಟು ಅತ್ತಿಲ್ಲ. ಇದ್ದಾಳೆ ಅಂತ ಹೇಳೋಳು ಅಳೋದು ಹೇಗೆ?”

ಪುಟ್ಟಿ ನೆಲದ ಮೇಲೆ ಅವರ ಕಾಲ ಬಳಿ ಕೂತಳು. ಅವರ ಕೈ ಹಿಡಿಯಲು ಹೋಗಿ, ತನ್ನ ಕೈಯ ಮಸಿ ನೋಡಿ ಹಿಂಜರಿದಳು. ಅವರೇ ಅವಳ ಮಣಿಕಟ್ಟು ಹಿಡಿದುಕೊಂಡು ಅತ್ತರು. ಸದ್ದು ಮಾಡದೆ, ರೂಢಿಯಾದವರ ಹಾಗೆ.

ಅಳು ನಿಂತ ಮೇಲೆ ಅವಳನ್ನು ನೇರವಾಗಿ ದಿಟ್ಟಿಸಿದರು. “ನಿನ್ನನ್ನ ನೋಡಿದ್ರೆ ನನಗೇನೂ ಸಂತೋಷ ಆಗ್ತಿಲ್ಲ, ಸುಳ್ಳು ಯಾಕೆ ಹೇಳ್ಲಿ. ಹೊಟ್ಟೆ ಉರೀತಿದೆ. ಅವಳು ನಿಲ್ಲಬೇಕಾದ ಜಾಗ ಅದು. ಆದ್ರೂ ಬಂದೆ. ಅವರಿಗೂ ವಯಸ್ಸಾಗ್ತಿದೆ, ನಾನು ಎಷ್ಟು ದಿನ ಇರ್ತೀನಿ? ಇವತ್ತು ಮನೆಗೆ ಹೋಗಿ ಹೇಳ್ತೀನಿ. ಹೇಳೋದು ನನ್ನ ಕೆಲಸ. ಬರೋದು ಬಿಡೋದು ಅವರದು.”

ಪುಟ್ಟಿ, ಹುಷಾರಾಗಿ ಹೋಗಿ ಅಮ್ಮ ಎಂದು, ಅವರನ್ನು ಬಸ್ಸಿನವರೆಗೆ ಬಿಟ್ಟು ಬಂದಳು. ಬಸ್ಸು ಹತ್ತುವಾಗ ಅವರು ತಿರುಗಿ ನೋಡಲಿಲ್ಲ.

*

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಬೀದಿಯಲ್ಲಿ ಕಾರಿನ ಸದ್ದಾದಾಗಲೆಲ್ಲ ಪುಟ್ಟಿ ತಲೆ ಎತ್ತಿದಳು. ಆ ಕಾರಿನ ಸದ್ದು ಈಗ ಕೇಳಿಸುವುದೇ ಇಲ್ಲ, ಅದನ್ನು ಹಾಗೆ ಮಾಡಿದವಳು ತಾನೇ ಎಂದು ನೆನಪಾಗಿ ತಲೆ ತಗ್ಗಿಸಿದಳು. ಅತ್ತೆ ಹೇಳಿರಲಿಕ್ಕಿಲ್ಲ. ಅಥವಾ ಹೇಳಿಯೂ ಅವನು ಬರುವುದಿಲ್ಲ ಎಂದಿರಬಹುದು. ಎರಡಕ್ಕೂ ಅವಳು ಮನಸ್ಸನ್ನು ಅಣಿಮಾಡಿಕೊಂಡಳು. ಅಣಿಯಾಗದ್ದು ಅದರ ಪಾಡಿಗೆ ಬಾಗಿಲ ಕಡೆ ನೋಡುತ್ತಿತ್ತು.

ಅವನು ಬಂದದ್ದು ಬೆಳಿಗ್ಗೆ, ಕಾಲ್ನಡಿಗೆಯಲ್ಲಿ. ಗಡ್ಡ ಬೋಳಿಸಿರಲಿಲ್ಲ. ಕಣ್ಣುಗಳು ಊದಿಕೊಂಡು ಕೆಂಪಾಗಿದ್ದವು. ಪುಟ್ಟಿ ಎಂಜಿನ್ನೊಂದರೊಳಗೆ ಮೊಣಕೈತನಕ ಕೈ ಹಾಕಿದ್ದಳು. ತೆಗೆಯಲೂ ತೋಚದೆ ಹಾಗೇ ನಿಂತಳು.

ಎರಡು ದಿನ ಅಂಗಡಿ ತೆಗೆಯಲಿಲ್ಲ ಎಂದ. ಅತ್ತೆ ಅತ್ತರು, ಜೊತೆಗೆ ನಾನೂ ಅತ್ತುಬಿಟ್ಟೆ. ಅವಳು ಹೋದ ದಿನವೂ ಇಬ್ಬರೂ ಹೀಗೆ ಎದುರುಬದುರು ಕೂತು ಅತ್ತಿರಲಿಲ್ಲ. ಅವಳ ಬಗ್ಗೆ ಎಷ್ಟೋ ಮಾತಾಡಿದೆವು. ಅವಳಿಗೆ ಸಿಟ್ಟು ಜಾಸ್ತಿ ಇತ್ತು ಅಂತ ಅತ್ತೆಯೇ ಅಂದರು, ಇಬ್ಬರೂ ನಕ್ಕೆವು. ಅವನು ಇದನ್ನೆಲ್ಲ ಬಾಗಿಲಲ್ಲೇ ನಿಂತು, ಉಸಿರು ತೆಗೆದುಕೊಳ್ಳದೆ ಹೇಳಿದ.

“ಅತ್ತೆ ಹೋಗಿ ಬನ್ನಿ ಅಂದ್ರು. ಆದ್ರೆ ಅದಕ್ಕೆ ಬಂದದ್ದಲ್ಲ. ಅವರು ಬೇಡ ಅಂದಿದ್ರೂ ಇವತ್ತು ಬರ್ತಿದ್ದೆ ಅನ್ಸುತ್ತೆ.” ಬಾಗಿಲು ದಾಟಿ ಒಳಗೆ ಬಂದ. “ನನ್ನ ಜೊತೆ ಇರ್ತೀರಾ?”

ಎಷ್ಟೋ ಸಂಜೆ ಅವಳು ಈ ಪ್ರಶ್ನೆಗೆ ಚೆಂದದ ಉತ್ತರಗಳನ್ನು ಜೋಡಿಸಿಟ್ಟಿದ್ದಳು.

“ಕೈ ತೊಳ್ಕೊಂಡು ಬರ್ತೀನಿ,” ಎಂದಳು.

ಹಿಂದುಗಡೆಯ ನಲ್ಲಿಯ ಬಳಿ ಹೋಗಿ ಸೋಪು ಹಚ್ಚಿ ಉಜ್ಜಿದಳು. ಮಸಿ ಹೋಯಿತು. ಉಗುರಿನ ಅಂಚಿನದು ಹೋಗಲಿಲ್ಲ. ಮತ್ತೆ ಹಚ್ಚಿದಳು. ವರ್ಷಗಟ್ಟಲೆಯ ಎಣ್ಣೆ ಅದು, ಚರ್ಮದ ಗೆರೆಗಳಲ್ಲೇ ಮನೆ ಮಾಡಿತ್ತು. ಕಣ್ಣು ಮಂಜಾಗಿ ಏನೂ ಕಾಣದಾಯಿತು. ಉಜ್ಜುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಅವನು ಹಿಂದೆಯೇ ಬಂದಿದ್ದ. ನೊರೆ ತುಂಬಿದ ಆ ಕೈಗಳನ್ನು ನೀರಿನ ಕೆಳಗಿನಿಂದ ಮೆಲ್ಲಗೆ ಎತ್ತಿ ತನ್ನ ಕೈಯಲ್ಲಿ ತೆಗೆದುಕೊಂಡ.

“ಇರಲಿ ಬಿಡು,” ಎಂದ.

ಬಿಡಿ ಅಲ್ಲ. ಬಿಡು. ಪುಟ್ಟಿ ಆ ಒಂದು ಅಕ್ಷರವನ್ನು ಕೇಳಿದಳು. ತಾನು ಹೇಳಿದ್ದು ಅವನಿಗೂ ಕೇಳಿಸಿತು. ಇಬ್ಬರೂ ಅದನ್ನು ತಿದ್ದಲಿಲ್ಲ.

“ನಡಿ,” ಎಂದಳು ಪುಟ್ಟಿ. “ಮನೇಲಿ ಅಮ್ಮ ಕಾಯ್ತಿರ್ತಾರೆ.”